ಆಗಗಾಡಿಯ ತಸಬೀರು

ನಮ್ಮ ಮುರಗೂಡಿಗೆ ರೈಲು ಬಂದುದಿಲ್ಲ. ವೇದಗಂಗೆಯ ದಡದ ಈ ಊರಿನಲ್ಲಿ ಕಬ್ಬಿನ ತೋಟಗಳಿವೆ, ಬೆಲ್ಲದ ಗಾಣಗಳಿದ್ದವು, ಪಿರಾಜಿರಾಯರ ಹೆಸರಿನ ಕೆರೆಯಿದೆ. ಉಗಿಯಂತ್ರವೊಂದು ಬಾಯಾರಿ ಬಂದಿದ್ದರೆ ಕುಡಿಸಲು ನೀರಿಗೇನೂ ಕೊರತೆಯಿರಲಿಲ್ಲ. ಹಳಿ ಮಾತ್ರ ಇತ್ತ ತಿರುಗಲಿಲ್ಲ. ಆದುದರಿಂದ ಇಲ್ಲಿಯವರಿಗೆ ರೈಲೆಂಬುದು ಪ್ರಯಾಣದ ಸಾಧನವಾಗುವುದಕ್ಕೆ ಮೊದಲು ಒಂದು ನೋಟವಾಗಿದ್ದಿತು. ಮೊದಮೊದಲು ಎತ್ತಿನ ಬಂಡಿಯಲ್ಲಿಯೂ ಆಮೇಲೆ ಮೋಟಾರಿನಲ್ಲಿಯೂ ಕಾಗಲದ ಹಾದಿಯಾಗಿ ಕೊಲ್ಲಾಪುರಕ್ಕೆ ಹೋಗಿ, ಅಂಬಾಬಾಯಿಯ ದರ್ಶನವನ್ನು ಮುಗಿಸಿ, ಪೇಟೆಯಲ್ಲಿ ಕೊಳ್ಳತಕ್ಕುದನ್ನು ಕೊಂಡು, ಮರಳುವ ಮುನ್ನ ಸ್ಟೇಶನ್ನಿನ ಕಟಕಟೆಗೆ ಆತು ನಿಂತು ಕಣ್ತುಂಬ ಕಂಡು ಬರತಕ್ಕ ನೋಟ. ಹಿರಿಯರು ಮರಾಠಿಯಿಂದ ಎರವು ಪಡೆದು ಅದನ್ನು ‘ಆಗಗಾಡಿ’ ಎಂದರು, ಹಳಿಯನ್ನು ‘ರೂಳು’ ಎಂದರು. ಬರೆಹದ ಕನ್ನಡದಲ್ಲಿ ಅದು ‘ಧೂಮಶಕಟ’ವಾಯಿತು. ಒಂದು ಹೆಸರು ಬೆಂಕಿಯನ್ನು ಹಿಡಿಯಿತು, ಇನ್ನೊಂದು ಹೊಗೆಯನ್ನು. ಇವೆರಡರ ನಡುವೆ ಕೆಲಸ ಮಾಡುವ ಉಗಿಯನ್ನು ಕಣ್ಣು ಕಾಣಲಾರದು. ಆ ಮಾತಿಗೆ ಮುಂದೆ ಬರುವೆನು.

ಈ ಸೀಮೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ತೂಗುಹಾಕಿದ ತಸಬೀರುಗಳನ್ನು ನೋಡುವ ಅಭ್ಯಾಸ ನನಗೆ ಚಿಕ್ಕಂದಿನಿಂದಲೂ ಇದೆ. ಪಟಗಾ ಸುತ್ತಿದ ಅಜ್ಜ, ಒಂಬತ್ತು ಗಜದ ಸೀರೆಯ ಅಜ್ಜಿ, ಗದೆಯನ್ನು ಹೆಗಲಿಗೇರಿಸಿದ ಜಟ್ಟಿ, ಛತ್ರಪತಿಗಳು, ದೇವರು, ಕೆಲವೆಡೆ ಒಳ್ಳೆಯ ಎತ್ತಿನ ಜೋಡಿ, ಇವೆಲ್ಲವೂ ಇವೆ. ಕೊಲ್ಲಾಪುರದ ಹಳಿಯ ಮೇಲೆ ಎಂಬತ್ತು ವರ್ಷ ಓಡಾಡಿದ ಉಗಿಯಂತ್ರವನ್ನು ಮಾತ್ರ ಒಂದು ಮನೆಯಲ್ಲಿಯೂ ಕಂಡ ನೆನಪಿಲ್ಲ. ಅದನ್ನು ನೋಡಲು ಹರದಾರಿಗಳನ್ನು ನಡೆದವರಿಗೆ ಅದರ ಚಿತ್ರವನ್ನು ಗೋಡೆಗೆ ಹಾಕಬೇಕೆಂದು ತೋರಲಿಲ್ಲವೇಕೆ ಎಂಬ ಪ್ರಶ್ನೆಯೇ ಈ ಬರೆಹಕ್ಕೆ ಕಾರಣ.

ಮೊದಲು ಹಳಿಯ ಕಥೆ. ಸದರ್ನ್ ಮರಾಠಾ ರೈಲ್ವೆ ಕಂಪನಿಯು 1882ರಲ್ಲಿ ಸ್ಥಾಪಿತವಾಗಿ, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ನೆಲದಲ್ಲಿ ಮೀಟರ್‌ಗೇಜಿನ ಕಬ್ಬಿಣವನ್ನು ಹಾಸುತ್ತ, 1890ರ ಹೊತ್ತಿಗೆ ಲೋಂಡೆಯಿಂದ ಮಿರಜದ ಮಾರ್ಗವಾಗಿ ಪುಣೆಯನ್ನು ಮುಟ್ಟಿತು. ಕೊಲ್ಲಾಪುರ ಸಂಸ್ಥಾನವು ತನ್ನ ಖರ್ಚಿನಿಂದ ಮಿರಜಕ್ಕೆ ಒಂದು ಕೊಂಬೆಯನ್ನು ಕೂಡಿಸಿಕೊಂಡಿತು; ಇಪ್ಪತ್ತೊಂಬತ್ತು ಮೈಲಿಯ ಆ ಹಾದಿಯು 1891ರಲ್ಲಿ ಸಂಚಾರಕ್ಕೆ ತೆರೆಯಿತು. ಮೊದಲ ಮಣ್ಣು ಅಗೆದುದು 1888ರಲ್ಲಿ, ಶಾಹೂ ಮಹಾರಾಜರ ಕೈಯಿಂದ. ನಮ್ಮ ಕಾಗಲದ ಘಾಟಗೆ ಮನೆತನದಲ್ಲಿ ಯಶವಂತರಾಯನೆಂದು ಹುಟ್ಟಿ, ಹತ್ತನೆಯ ವಯಸ್ಸಿನಲ್ಲಿ ಗಾದಿಗೆ ದತ್ತುಹೋದ ಆ ಬಾಲಕನಿಗೆ ಆಗ ಹದಿನಾಲ್ಕು ತುಂಬಿರಲಿಲ್ಲ. ಅಧಿಕಾರ ಕೈಗೆ ಬಂದ ಮರುವರ್ಷವೇ, 1895ರಲ್ಲಿ, ಸ್ಟೇಶನ್ನಿನ ಮಗ್ಗುಲಲ್ಲಿ ಬೆಲ್ಲದ ವ್ಯಾಪಾರಕ್ಕಾಗಿ ಶಾಹೂಪುರಿ ಪೇಟೆಯನ್ನು ಕಟ್ಟಿಸಿದರು. ತಮ್ಮ ಜನಕ ತಂದೆ ಜಯಸಿಂಗರಾಯರ ಹೆಸರಿನಲ್ಲಿ ಇದೇ ಹಳಿಯ ಅಂಚಿಗೆ ಜಯಸಿಂಗಪುರವನ್ನು ನೆಲೆಗೊಳಿಸಿದರು. ಜಯಸಿಂಗಪುರ, ಹಾತಕಣಂಗಲೆ, ರುಕಡಿ, ವಳಿವಡೆ, ಗುಳ ಮಾರ್ಕೆಟ್ಟು. ಈ ನಿಲ್ದಾಣಗಳ ಸಾಲಿನಲ್ಲಿ ಬೆಲ್ಲಕ್ಕೇ ಒಂದು ನಿಲ್ದಾಣ ಮೀಸಲಾಗಿರುವುದು ಈ ಹಾದಿಯು ಯಾವುದಕ್ಕಾಗಿ ಬದುಕಿತೆಂಬುದನ್ನು ಹೇಳುತ್ತದೆ. ವಳಿವಡೆಯಲ್ಲಿಯಂತೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಮಾರು ಐದು ಸಾವಿರ ಮಂದಿ ಪೋಲೆಂಡಿನ ನಿರಾಶ್ರಿತರು ಬಂದಿಳಿದು, 1943ರಿಂದ 1948ರವರೆಗೆ ನೆಲೆಸಿದ್ದರು. ಎಲ್ಲಿಯ ವಾರ್ಸಾ, ಎಲ್ಲಿಯ ಪಂಚಗಂಗೆ!

ಇನ್ನು ಕ್ಯಾಮರಾದ ಕಥೆ. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೊರಟದ್ದು 1853ರ ಏಪ್ರಿಲ್ 16ರಂದು. ಮುಂಬಯಿಯ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದುದು ಮರುವರ್ಷ. ಈ ಎರಡು ಯಂತ್ರಗಳು ಅವಳಿಗಳಂತೆ ಒಂದೇ ರೇವಿನಲ್ಲಿ ಇಳಿದವು. ಇವೆರಡೂ ಮೊಟ್ಟಮೊದಲು ಗಂಭೀರವಾಗಿ ಸಂಧಿಸಿದ ಸ್ಥಳಗಳಲ್ಲಿ ಒಂದು ಮುಂಬಯಿ ಪುಣೆಗಳ ನಡುವಣ ಬೋರಘಾಟ. ಅಲ್ಲಿಯ ರೈಲುಹಾದಿಯ ಕಾಮಗಾರಿಯ ಗುತ್ತಿಗೆಯನ್ನು ಹಿಡಿದಿದ್ದ ಸಾಲೊಮನ್ ಟ್ರೆಡ್ವೆಲ್ ಎಂಬಾತನು 1859ರಲ್ಲಿ ಈ ನೆಲವನ್ನು ಮೆಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡನು. ಅವನ ಹೆಂಡತಿ ಆಲಿಸ್ ತವರಿಗೆ ಹಿಂದಿರುಗುವ ಬದಲು ಗುತ್ತಿಗೆಯನ್ನು ತಾನೇ ವಹಿಸಿಕೊಂಡಳು. ಸಾವಿರಾರು ಕೂಲಿಗಳು ಬಂಡೆಯನ್ನು ಒಡೆಯುತ್ತಿದ್ದ ಆ ಕಣಿವೆಗಳ, ಅರೆಕಟ್ಟಿದ ಕಮಾನು ಸೇತುವೆಗಳ ಛಾಯಾಚಿತ್ರಗಳು ಆಕೆಯವೆಂದೇ ಪ್ರತೀತಿ. ಅವುಗಳಲ್ಲಿ ಓಡುವ ರೈಲನ್ನು ಹುಡುಕಿ ಫಲವಿಲ್ಲ. ಅಂದಿನ ಕ್ಯಾಮರಾಕ್ಕೆ ಓಡುವುದೊಂದೂ ಕಾಣುತ್ತಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುವುದು ಮೇಲು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರನು ಬಳಕೆಗೆ ತಂದ ಹಸಿ ಗಾಜಿನ ಪದ್ಧತಿಯಲ್ಲಿ ಛಾಯಾಗ್ರಾಹಕನು ಗಾಜಿನ ಫಲಕಕ್ಕೆ ಕೊಲೋಡಿಯನ್ನೆಂಬ ಅಂಟುದ್ರವವನ್ನು ಬಳಿದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಅದು ಹಸಿಯಾಗಿರುವಾಗಲೇ ಕ್ಯಾಮರಾದಲ್ಲಿಟ್ಟು ಬೆಳಕಿಗೊಡ್ಡಿ, ಆರುವುದರೊಳಗಾಗಿ ಕತ್ತಲೆಯ ಡೇರೆಗೆ ಓಡಿ ಚಿತ್ರವನ್ನು ಬರಿಸಬೇಕು. ಇಂಗ್ಲೆಂಡಿನ ತಂಪಿನಲ್ಲಿ ಹತ್ತು ಹದಿನೈದು ನಿಮಿಷ ದೊರೆಯಬಹುದಾದ ಈ ಅವಕಾಶವು ದಖ್ಖನ್ನಿನ ಬೇಸಗೆಯಲ್ಲಿ ಇನ್ನೂ ಕಿರಿದಾಗುತ್ತಿದ್ದಿತು. ಬೆಳಕಿಗೊಡ್ಡುವ ಕಾಲವೂ ಹಲವು ಸೆಕೆಂಡುಗಳು. ಆ ಸೆಕೆಂಡುಗಳಲ್ಲಿ ಅಲುಗಿದ ಎತ್ತಿಗೆ ಎರಡು ತಲೆ ಬರುವುದು, ನಡೆದುಹೋದ ಮನುಷ್ಯನು ಮಂಜಾಗಿ ಅಳಿದುಹೋಗುವನು. ಆದ್ದರಿಂದ ಅಂದಿನ ಉಗಿಯಂತ್ರದ ಚಿತ್ರವೆಂದರೆ ನಿಂತ ಯಂತ್ರದ ಚಿತ್ರವೇ. ಯಂತ್ರವನ್ನು ನಿಲ್ಲಿಸಿದ ಮೇಲೆ ಅದನ್ನು ನಡೆಸುವವರೂ ನಿಲ್ಲಬೇಕಲ್ಲವೆ? ಡ್ರೈವರನು ಎಣ್ಣೆಯ ಡಬ್ಬಿಯನ್ನು ಹಿಡಿದು, ಫೈರ್‌ಮನ್ನನು ಸಲಿಕೆಯನ್ನು ಊರಿ, ಕಲ್ಲಿದ್ದಲು ತುಂಬುವವರು, ಚಕ್ರ ಒರಸುವವರು, ಕೈಕಂದೀಲಿನ ಜವಾನ, ಎಲ್ಲರೂ ಉಸಿರು ಹಿಡಿದು ಸಾಲಾಗಿ ನಿಂತರು. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಆದರೆ ಮುಖಗಳು ಕೂದಲೆಳೆ ಕೂಡ ಕಾಣುವಷ್ಟು ಸ್ಪಷ್ಟವಾಗಿ ಉಳಿದಿವೆ.

ಯಂತ್ರಗಳನ್ನು ಕಟ್ಟುವ ಕಾರ್ಖಾನೆಯವರ ಚಿತ್ರಗಳದು ಇನ್ನೊಂದು ಬಗೆ. ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್ ಕಾರ್ಖಾನೆಯು ಜೇಮ್ಸ್ ಮಡ್ ಎಂಬ ಛಾಯಾಗ್ರಾಹಕನಿಂದ ತನ್ನ ಯಂತ್ರಗಳ ಚಿತ್ರವನ್ನು ತೆಗೆಯಿಸಿ ಗಿರಾಕಿಗಳಿಗೆ ತೋರಿಸುವ ಪದ್ಧತಿಯನ್ನು 1850ರ ದಶಕದಲ್ಲಿಯೇ ಬೆಳೆಸಿದ್ದಿತು. ಅಂದಿನ ಫಲಕಗಳು ನೀಲಿಗೆ ಬಹು ಬೇಗ ಒಲಿಯುವವು, ಕೆಂಪಿಗೆ ಕುರುಡು. ಆಕಾಶವು ಬರಿಯ ಬಿಳಿಯಾಗಿಯೂ, ಕೆಂಪು ಬಣ್ಣ ಬಳಿದ ಭಾಗವು ಮಸಿಯಾಗಿಯೂ ಬರುತ್ತಿದ್ದವು. ಹೊಳೆಯುವ ವಾರ್ನಿಷು ಬೆಳಕನ್ನು ಎರಚಿ ಯಂತ್ರದ ರೂಪವನ್ನೇ ಕೆಡಿಸುತ್ತಿದ್ದಿತು. ಇದಕ್ಕೆ ಕಾರ್ಖಾನೆಯವರು ಕಂಡುಕೊಂಡ ಉಪಾಯ ವಿಚಿತ್ರವಾದುದು: ಹೊಸ ಯಂತ್ರಕ್ಕೆ ಮೊದಲು ಮೈತುಂಬ ಮಾಸಲು ಬೂದುಬಣ್ಣವನ್ನು ಬಳಿದು, ಚಿತ್ರವನ್ನು ತೆಗೆದು, ಆಮೇಲೆ ಅದನ್ನು ಅದರ ನಿಜವಾದ ಬಣ್ಣಕ್ಕೆ ತರುವುದು. ಗಾಜಿನ ಮೇಲೆ ಹಿನ್ನೆಲೆಯನ್ನೆಲ್ಲ ಬಣ್ಣದಿಂದ ಮುಚ್ಚಿ ಯಂತ್ರವೊಂದೇ ಶೂನ್ಯದಲ್ಲಿ ನಿಂತಂತೆ ತೋರಿಸುವುದೂ ಉಂಟು. ಹಡಗನ್ನೇರಿ ಬಂದು ನಮ್ಮ ಹಳಿಗಳ ಮೇಲೆ ಓಡಿದ ಎಷ್ಟೋ ಯಂತ್ರಗಳ ಉತ್ತಮ ಭಾವಚಿತ್ರಗಳೆಂದು ಇಂದು ಪುಸ್ತಕಗಳಲ್ಲಿ ಅಚ್ಚಾಗುವವು ಇಂಥವೇ. ಅವು ನಮ್ಮ ಬಿಸಿಲನ್ನು ಕಾಣುವ ಮುನ್ನ, ಎಂದಿಗೂ ಧರಿಸದ ಬಣ್ಣದಲ್ಲಿ, ಒಂದು ನರಪಿಳ್ಳೆಯೂ ಇಲ್ಲದೆ ನಿಂತ ರೂಪಗಳು. ಮದುವೆಗೆ ಮುನ್ನ ಹೆಣ್ಣಿನ ಫೋಟೋ ಕಳುಹಿಸುವವರು ಮಾಡುವ ಜಾಣತನಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

1871ರಲ್ಲಿ ರಿಚರ್ಡ್ ಮ್ಯಾಡಕ್ಸನು ಸೂಚಿಸಿದ ಒಣ ಜೆಲಟಿನ್ ಫಲಕವು ಮುಂದಿನ ಒಂದೆರಡು ದಶಕಗಳಲ್ಲಿ ಚುರುಕುಗೊಂಡು, ಕ್ಯಾಮರಾದ ಕಣ್ಣರೆಪ್ಪೆಯೂ ವೇಗವನ್ನು ಕಲಿತುಕೊಂಡಾಗ, ಓಡುವ ರೈಲು ಕೊನೆಗೂ ಗಾಜಿನಲ್ಲಿ ಸಿಕ್ಕಿಬಿದ್ದಿತು. ಅಲ್ಲಿಂದ ಮುಂದೆ ಯಂತ್ರವು ಸ್ಪಷ್ಟವಾಗುತ್ತ ಹೋದಂತೆ ಅದರ ಮನುಷ್ಯನು ಅಸ್ಪಷ್ಟನಾಗುತ್ತ ಬಂದನೆಂಬುದು ನನ್ನ ಎಣಿಕೆ. ಅವನೀಗ ಯಂತ್ರದ ಮುಂದೆ ನಿಲ್ಲಬೇಕಾದ ಅಗತ್ಯವಿಲ್ಲ. ಕಿಟಕಿಯ ಕತ್ತಲೆಯಲ್ಲಿ ಒಂದು ಮೊಣಕೈ, ಒಂದು ರುಮಾಲಿನ ಅಂಚು, ಅಷ್ಟೇ ಅವನ ಪಾಲು.

ಓಡುವ ರೈಲು ಮುಂಬಯಿಯಲ್ಲಿ ಬೆಳ್ಳಿತೆರೆಯ ಮೇಲೆ ಬಂದುದು 1896ರ ಜುಲೈ 7ರಂದು, ವಾಟ್ಸನ್ ಹೋಟೆಲಿನಲ್ಲಿ. ಲುಮಿಯೇರ್ ಸೋದರರ ಆ ಮೊದಲ ಪ್ರದರ್ಶನದ ಪಟ್ಟಿಯಲ್ಲಿ ರೈಲಿನ ಆಗಮನವೂ ಒಂದು. ಚಲಿಸುವ ಚಿತ್ರವೆಂಬ ಹೊಸ ಕಲೆಯು ತನ್ನ ಶಕ್ತಿಯನ್ನು ತೋರಿಸಲು ಆರಿಸಿಕೊಂಡ ವಿಷಯಗಳಲ್ಲಿ ಹೊಗೆಬಂಡಿಯೂ ಇದ್ದುದು ಸಹಜವೇ. ಕಾಲು ಶತಮಾನದೊಳಗೆ ಆ ಕಲೆಯು ನಮ್ಮ ಕೊಲ್ಲಾಪುರದಲ್ಲಿಯೇ ಬೇರೂರಿತು. ಬಾಬುರಾವ್ ಕೃಷ್ಣರಾವ್ ಮೇಸ್ತ್ರಿ, ಅರ್ಥಾತ್ ಬಾಬುರಾವ್ ಪೇಂಟರ್, ನಾಟಕದ ಪರದೆಗಳನ್ನು ಬರೆಯುತ್ತಿದ್ದ ಕುಶಲಕರ್ಮಿ. ತನ್ನ ಬಂಧುವೂ ಜೊತೆಗಾರನೂ ಆಗಿದ್ದ ಆನಂದರಾಯನೊಡಗೂಡಿ ಚಲನಚಿತ್ರದ ಕ್ಯಾಮರಾವನ್ನು ತಾನೇ ಮಾಡಬೇಕೆಂಬ ಹಟವನ್ನು ತೊಟ್ಟನು. ಆನಂದರಾಯನು 1916ರಲ್ಲಿ ಕಾಲವಾದನು. ಬಾಬುರಾಯನು ಶಿಷ್ಯನಾದ ದಾಮ್ಲೆಯವರ ನೆರವಿನಿಂದ ಪಟ್ಟುಬಿಡದೆ ಆ ಯಂತ್ರವನ್ನು ಸಿದ್ಧಗೊಳಿಸಿ, ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ನಿಲ್ಲಿಸಿ, 1920ರಲ್ಲಿ ‘ಸೈರಂಧ್ರಿ’ಯನ್ನು ಹೊರತಂದನು. ಪರದೇಶದ ಕ್ಯಾಮರಾ ಕೊಳ್ಳಲು ಹಣವಿಲ್ಲದ ಊರಿನಲ್ಲಿ, ಹಿತ್ತಾಳೆಯನ್ನು ಕಡೆದು ಗಾಲಿಹಲ್ಲುಗಳನ್ನು ಕೂಡಿಸಿ ಕ್ಯಾಮರಾವನ್ನೇ ಹುಟ್ಟಿಸಿದ ಈ ಸಾಹಸವನ್ನು ನೆನೆದಾಗಲೆಲ್ಲ ನನಗೆ ರೋಮಾಂಚವಾಗುತ್ತದೆ.

ಈ ಕಂಪನಿಗೆ ಬಂದು ಸೇರಿದ ಹುಡುಗರಲ್ಲಿ ಒಬ್ಬನ ಪೂರ್ವವೃತ್ತಾಂತವು ನಮ್ಮ ವಿಷಯಕ್ಕೆ ಆಶ್ಚರ್ಯಕರವಾಗಿ ಹೊಂದುತ್ತದೆ. 1901ರಲ್ಲಿ ಕೊಲ್ಲಾಪುರದಲ್ಲಿ ಹುಟ್ಟಿದ ವಿ. ಶಾಂತಾರಾಮನು ಗಂಧರ್ವ ನಾಟಕ ಮಂಡಳಿಯಲ್ಲಿ ಕೆಲಕಾಲ ಕಳೆದು, ಮನೆಯವರೊಂದಿಗೆ ಹುಬ್ಬಳ್ಳಿಗೆ ಬಂದು, ಅಲ್ಲಿಯ ರೈಲ್ವೆ ಕಾರ್ಖಾನೆಯಲ್ಲಿ ಹಗಲೆಲ್ಲ ದುಡಿದು, ಸಂಜೆಯಾದರೆ ತಗಡಿನ ಸಿನಿಮಾಮಂದಿರವೊಂದರ ಬಾಗಿಲು ಕಾಯುತ್ತಿದ್ದನು. ಛಾಯಾಚಿತ್ರದ ಮೊದಲ ಪಾಠವನ್ನೂ ಅಲ್ಲಿಯೇ ಕಲಿತನು. ಹಗಲು ಉಗಿಯಂತ್ರದ ಕಬ್ಬಿಣ, ಇರುಳು ಚಿತ್ರದ ಬೆಳಕು. ಎರಡೂ ಕಸಬುಗಳ ಹೊಸ್ತಿಲಲ್ಲಿ ಏಕಕಾಲಕ್ಕೆ ನಿಂತ ಇಂಥ ಇನ್ನೊಬ್ಬನನ್ನು ನಾನು ಕಾಣೆ. ಆದರೆ 1929ರಲ್ಲಿ ದಾಮ್ಲೆ, ಫತ್ತೇಲಾಲರೇ ಮೊದಲಾದವರೊಡನೆ ಪ್ರಭಾತ್ ಕಂಪನಿಯನ್ನು ಇದೇ ಕೊಲ್ಲಾಪುರದಲ್ಲಿ ತೆರೆದಾಗ, ಆತನೂ ಆತನ ಸಂಗಡಿಗರೂ ಕ್ಯಾಮರಾವನ್ನು ಹೊರಳಿಸಿದುದು ಪುರಾಣದ ಕಡೆಗೆ, ಸಂತರ ಕಡೆಗೆ, ಶಿವಾಜಿಯ ಕಡೆಗೆ. ತಪ್ಪೇನಿಲ್ಲ. ಕಣ್ಣಿಗೆ ಕಾಣದಿರುವುದನ್ನು ತೋರಿಸುವುದಕ್ಕಲ್ಲವೆ ಕಲೆಯಿರುವುದು? ದಿನಕ್ಕೆ ಹಲವು ಸಾರಿ ಪುಕ್ಕಟೆಯಾಗಿ ಕಾಣುವ ಆಗಗಾಡಿಯ ಚಿತ್ರಕ್ಕೆ ಯಾರು ಕಾಸು ಕೊಟ್ಟಾರು? ಪಡಸಾಲೆಯ ಗೋಡೆಯ ಪ್ರಶ್ನೆಗೂ ಇದೇ ಉತ್ತರವಿರಬೇಕು. ಅಜ್ಜನು ಸಾಯುವನೆಂದು ಗೊತ್ತಿತ್ತು, ಆದುದರಿಂದ ಅವನ ತಸಬೀರನ್ನು ತೆಗೆಯಿಸಿದರು. ಜಟ್ಟಿಯ ಮೈಕಟ್ಟು ಇಳಿಯುವುದೆಂದೂ ಗೊತ್ತಿತ್ತು. ಸರಕಾರದ ಕಬ್ಬಿಣವೂ ಸಾಯುವುದೆಂದು ಯಾರಿಗೆ ಹೊಳೆದೀತು?

ಹೊಳೆದುದು ಹೊರಗಿನವರಿಗೆ; ಅದೂ ತಮ್ಮ ಮನೆಯಲ್ಲಿ ಸಾವಾದ ಮೇಲೆ. ಬ್ರಿಟನ್ನಿನಲ್ಲಿ 1951ರಷ್ಟು ಹಿಂದೆಯೇ ಸ್ವಯಂಸೇವಕರು ಕೂಡಿ ವೇಲ್ಸ್ ಸೀಮೆಯ ತಾಲಿಲಿನ್ ಎಂಬ ಸಣ್ಣ ಹಾದಿಯನ್ನು ಮುಚ್ಚಿಹೋಗದಂತೆ ಉಳಿಸಿಕೊಂಡಿದ್ದರು. ಪರಂಪರೆಯ ರೈಲುಗಳಿಗೆಲ್ಲ ಅದೇ ಆದಿ. 1968ರಲ್ಲಿ ಅಲ್ಲಿಯ ಸರಕಾರಿ ರೈಲ್ವೆಯಲ್ಲಿ ಉಗಿಯ ಯುಗ ಮುಗಿಯಿತು. ಕ್ಯಾಮರಾ ಹೆಗಲಿಗೆ ಹಾಕಿಕೊಂಡ ಅಲ್ಲಿಯ ಭಕ್ತರು ಇನ್ನೂ ಬೆಂಕಿಯುರಿಯುವ ದೇಶಗಳನ್ನರಸಿ ಹೊರಟಾಗ, ಹಿಂದೂಸ್ಥಾನವು ಅವರಿಗೆ ಕಾಶೀಕ್ಷೇತ್ರವಾಯಿತು. ‘ಭಕ್ತರು’ ಎಂಬ ಮಾತನ್ನು ಸುಮ್ಮನೆ ಬಳಸಲಿಲ್ಲ. ಅಲ್ಲಿಯ ರೈಲು ಛಾಯಾಗ್ರಾಹಕರಲ್ಲಿ ಹೆಸರಾಂತವನಾದ ಎರಿಕ್ ಟ್ರೀಸಿಯು ವೇಕ್‌ಫೀಲ್ಡಿನ ಬಿಷಪ್ಪನಾಗಿದ್ದವನು. 1978ರ ಮೇ ತಿಂಗಳಲ್ಲಿ ಆಪಲ್‌ಬೈ ಸ್ಟೇಶನ್ನಿನಲ್ಲಿ, ಬ್ರಿಟಿಷ್ ರೈಲ್ವೆಯು ಕಟ್ಟಿದ ಕಟ್ಟಕಡೆಯ ಉಗಿಯಂತ್ರದ ದಾರಿಯನ್ನು ಕಾಯುತ್ತಿರುವಾಗಲೇ ಪ್ರಾಣಬಿಟ್ಟನು.

ಆ ಭಕ್ತರನ್ನು ಸೆಳೆದ ಸ್ಥಳಗಳಲ್ಲಿ ನಮ್ಮ ಮಿರಜವು ಒಂದು. ಬಾರ್ಸಿ ಲೈಟ್ ರೈಲ್ವೆಯೆಂಬ ಎರಡೂವರೆ ಅಡಿಯ ಹಾದಿಯು ಎವರಾರ್ಡ್ ಕಾಲ್‌ಥ್ರಾಪ್ ಎಂಬ ಇಂಜಿನಿಯರನ ಕನಸಾಗಿ 1897ರಲ್ಲಿ ಬಾರ್ಸಿಯಲ್ಲಿ ಆರಂಭವಾಗಿ, 1906ರಲ್ಲಿ ವಿಠೋಬನ ಪಂಢರಪುರವನ್ನೂ, 1911ರಲ್ಲಿ ಲಾತೂರನ್ನೂ ತಲಪಿ, 1927ರಲ್ಲಿ ಮಿರಜಕ್ಕೆ ಬಂದಿಳಿಯಿತು. ಹಳಿ ಕಿರಿದಾದರೂ ಭಾರವನ್ನು ಹೆಚ್ಚು ಅಚ್ಚುಗಳ ಮೇಲೆ ಹಂಚಿದರೆ ದೊಡ್ಡ ಹೊರೆಯನ್ನು ಹೊರಬಹುದೆಂಬುದು ಕಾಲ್‌ಥ್ರಾಪನ ವಾದ. ಒಂದೊಂದು ಅಚ್ಚಿಗೆ ಐದು ಟನ್ನಿನ ಮಿತಿಯನ್ನಿಟ್ಟು ಅವನು ಅದನ್ನು ಸಾಧಿಸಿ ತೋರಿಸಿದನು. ಆಷಾಢಿ ಕಾರ್ತಿಕಿಗಳಲ್ಲಿ ವಾರಕರಿಗಳನ್ನು ಹೊತ್ತ ಈ ಪುಟ್ಟ ಗಾಡಿ, ಬೆಂಗಳೂರು ಕಡೆಯ ಮೀಟರ್‌ಗೇಜು, ಇವೆರಡರ ನಡುವೆ 1971ರ ಸುಮಾರಿಗೆ ಪುಣೆಯಿಂದ ಕೊಲ್ಲಾಪುರದವರೆಗೆ ಬ್ರಾಡ್‌ಗೇಜು ಬಂದಿತು. ಅಲ್ಲಿಂದ ಸುಮಾರು ಕಾಲು ಶತಮಾನ ಮಿರಜದ ಒಂದೇ ನಿಲ್ದಾಣದಲ್ಲಿ ಮೂರು ಅಳತೆಯ ಹಳಿಗಳು, ಒಂದು ಮನೆಯಲ್ಲಿ ವಾಸಿಸುವ ಮೂವರು ಸೋದರರಂತೆ, ಪರಸ್ಪರ ಗಾಡಿ ಬದಲಿಸಿಕೊಳ್ಳಲಾರದೆ, ಆದರೂ ಹೊಂದಿಕೊಂಡು ನಡೆದವು. ಮೂಟೆಗಳನ್ನು ಒಂದು ಗಾಡಿಯಿಂದ ಇನ್ನೊಂದಕ್ಕೆ ಹೊತ್ತು ಹಾಕುವ ಹಮಾಲರಿಗೆ ಮಾತ್ರ ಈ ಸಹಬಾಳ್ವೆಯ ಭಾರ ಗೊತ್ತು.

ರೈಲ್ವೆಯ ಆವರಣದಲ್ಲಿ ಅಪ್ಪಣೆಯಿಲ್ಲದೆ ಚಿತ್ರ ತೆಗೆಯಲಾಗದೆಂಬ ನಿಯಮವು ಆಗ ಬಲು ಬಿಗಿಯಾಗಿದ್ದಿತು. ಸೇತುವೆ, ಸಿಗ್ನಲ್ಲು, ಶೆಡ್ಡು, ಇವೆಲ್ಲ ಶತ್ರುವಿಗೆ ಬೇಕಾದ ಗುಟ್ಟುಗಳೆಂಬ ಭಾವನೆ. ಪರದೇಶದವನು ಕಾಗದಪತ್ರ ಹಿಡಿದು ಬಂದು ಅಪ್ಪಣೆಯನ್ನು ದೊರಕಿಸಿಕೊಂಡಾನು. ಊರಿನ ಫೋಟೋ ಸ್ಟುಡಿಯೋದವನು ಶಾಲೆಯ ಗುಂಪುಚಿತ್ರವನ್ನೂ ಲಗ್ನದ ಆಲ್ಬಮ್ಮನ್ನೂ ಬಿಟ್ಟು ಆ ಗೊಡವೆಗೆ ಏಕೆ ಹೋಗುವನು? ಒಂದು ಸಣ್ಣ ನಿಲ್ದಾಣದಲ್ಲಿ, ನನ್ನ ಸ್ನೇಹಿತನ ಎರವಲು ಕ್ಯಾಮರಾವನ್ನು ಎತ್ತಿದ ತಪ್ಪಿಗೆ ಅರ್ಧ ದಿನ ಬೆಂಚಿನ ಮೇಲೆ ಕೂತು, ರೀಲನ್ನು ಬೆಳಕಿಗೆ ಬಿಚ್ಚಿಸಿಕೊಂಡು, ಉಪದೇಶವನ್ನೂ ಒಂದು ಕಪ್ಪು ಚಹವನ್ನೂ ಸ್ವೀಕರಿಸಿ ಬಂದ ಅನುಭವ ನನಗೇ ಇದೆ. ಚಹ ಚೆನ್ನಾಗಿತ್ತು. ಹೀಗಾಗಿ ಕೃಷ್ಣೆಯ ಅಂಕಲಿ ಸೇತುವೆಯನ್ನು ದಾಟುವ, ರುಕಡಿಯ ಬಳಿ ಪಂಚಗಂಗೆಯ ಮೇಲೆ ಸಾಗುವ ಹೊಗೆಬಂಡಿಯ ಹಳೆಯ ಚಿತ್ರವನ್ನು ಇಂದು ಯಾರಾದರೂ ಬಯಸಿದರೆ, ಊರಿನ ಸ್ಟುಡಿಯೋಗಿಂತ ಸಮುದ್ರದಾಚೆಯ ಅಪರಿಚಿತನ ಪೆಟ್ಟಿಗೆಯಲ್ಲಿಯೇ ಅದು ಸಿಗುವ ಸಂಭವ ಹೆಚ್ಚು.

ಆಮೇಲಿನದು ಬೇಗ ಮುಗಿಯುವ ಕಥೆ. ಬಾರ್ಸಿಯ ಹಾದಿಯನ್ನು 1954ರಲ್ಲಿಯೇ ಸರಕಾರ ಕೊಂಡಿದ್ದಿತು. ಚಿತ್ತರಂಜನದ ಕಾರ್ಖಾನೆ 1970ರಲ್ಲಿ ಬ್ರಾಡ್‌ಗೇಜಿನ ಕೊನೆಯ ಉಗಿಯಂತ್ರವನ್ನು ಕಟ್ಟಿ ಅದಕ್ಕೆ ‘ಅಂತಿಮ ಸಿತಾರಾ’ ಎಂದು ಹೆಸರಿಟ್ಟಿತು. 1995ರ ಡಿಸೆಂಬರ್ 6ರಂದು ಜಲಂಧರ ಫಿರೋಜಪುರಗಳ ನಡುವೆ ಬ್ರಾಡ್‌ಗೇಜಿನ ಕಡೆಯ ಉಗಿಬಂಡಿ ಓಡಿತು. ಮಿರಜ ಲೋಂಡೆಗಳ ಮೀಟರ್‌ಗೇಜೂ ಅದೇ ಕಾಲದಲ್ಲಿ ಬ್ರಾಡ್‌ಗೇಜಾಗಿ, ಒಂದೂವರೆ ದಶಕದೊಳಗೆ ಪಂಢರಪುರದ ಪುಟ್ಟ ಗಾಡಿಯೂ ಕಣ್ಮರೆಯಾಯಿತು.

ಉಳಿದ ಯಂತ್ರಗಳಿಗೆ ಎರಡು ಗತಿ. ಮೊದಲನೆಯದು ವಸ್ತುಸಂಗ್ರಹಾಲಯ: ಮೈಸೂರಿನಲ್ಲಿ 1979ರಿಂದ ಇರುವ ರೈಲು ಸಂಗ್ರಹಾಲಯ, ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದುದು. ಅಲ್ಲಿ ಯಂತ್ರಗಳು ಬಣ್ಣ ಬಳಿಸಿಕೊಂಡು, ಹೊಟ್ಟೆ ತಣ್ಣಗಾಗಿ, ಮತ್ತೆ ಹಸಿ ಗಾಜಿನ ಕಾಲದಂತೆ ನಿಶ್ಚಲವಾಗಿ ನಿಂತಿವೆ. ಅವುಗಳ ಮುಂದೆ ಈಗ ಫೈರ್‌ಮನ್ನನ ಬದಲು ಸಂಸಾರಸಮೇತ ಬಂದ ನಾವು ನಿಂತು ಚಿತ್ರ ತೆಗೆಸಿಕೊಳ್ಳುತ್ತೇವೆ. ಎರಡನೆಯದು, ಇನ್ನೂ ಬೆಂಕಿಯುರಿಯುವ ಪರಂಪರೆಯ ರೈಲು. ಕನ್ನಡಿಗನಿಗೆ ಹತ್ತಿರವಾದುದು ನೀಲಗಿರಿಯದು. ಗುಂಡ್ಲುಪೇಟೆಯ ಮೇಲಕ್ಕೆ ಏರಿದರೆ ಸಿಗುವ ಆ ಬೆಟ್ಟಗಳಲ್ಲಿ ಕನ್ನಡಕ್ಕೆ ಒಡಹುಟ್ಟೆನ್ನಬಹುದಾದ ಬಡಗ ನುಡಿ ಕಿವಿಗೆ ಬೀಳುವುದು. ಮೆಟ್ಟುಪಾಳೆಯದಿಂದ ಕೂನೂರಿಗೆ 1899ರಲ್ಲಿಯೂ ಉದಕಮಂಡಲಕ್ಕೆ 1908ರಲ್ಲಿಯೂ ತಲಪಿದ ಈ ನಲವತ್ತಾರು ಕಿಲೋಮೀಟರಿನ ಮೀಟರ್‌ಗೇಜು, ಹನ್ನೆರಡೂವರೆ ಅಡಿ ನಡೆದರೆ ಒಂದು ಅಡಿ ಏರುವ ಕಡಿದಾದುದು. ಹಳಿಗಳ ನಡುವೆ ಹಲ್ಲುಪಟ್ಟಿಯನ್ನು ಹಾಸಿ, ಯಂತ್ರದ ಹಲ್ಲುಗಾಲಿಯನ್ನು ಅದಕ್ಕೆ ಕಚ್ಚಿಸಿ ಹತ್ತಿಸುವರು. ಸ್ವಿಟ್ಜರ್ಲೆಂಡಿನ ವಿಂಟರ್‌ತೂರಿನಲ್ಲಿ 1914ರಿಂದ ಕಟ್ಟಿದ ‘ಎಕ್ಸ್’ ವರ್ಗದ ಯಂತ್ರಗಳಲ್ಲಿ ಕೆಳಗಿನ ಸಿಲಿಂಡರು ಚಕ್ರಗಳನ್ನು ತಿರುಗಿಸಿದ ಉಗಿಯನ್ನೇ ಮೇಲಿನ ಸಿಲಿಂಡರಿಗೆ ಹಾಯಿಸಿ ಹಲ್ಲುಗಾಲಿಯನ್ನು ತಿರುಗಿಸುವ ಮಿತವ್ಯಯದ ಏರ್ಪಾಡಿದೆ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ, ಮೊದಲೇ ಸೇರಿದ್ದ ಡಾರ್ಜಿಲಿಂಗದ ಹಾದಿಯ ಜೊತೆಗೆ, ಸೇರಿಸಿತು.

ಇಂಥ ಹಾದಿಯ ಬದಿಯಲ್ಲಿ ಕ್ಯಾಮರಾ ಹಿಡಿದು ನಿಲ್ಲುವವರ ಶಾಸ್ತ್ರವೇ ಬೇರೆ. ಸೂರ್ಯನು ನೆತ್ತಿಯ ಮೇಲಿದ್ದರೆ ಯಂತ್ರದ ಚಕ್ರಗಳೂ ಕಂಬಿಕೈಗಳೂ ನೆರಳಿನಲ್ಲಿ ಮುಳುಗುವುವು. ಆದುದರಿಂದ ಬೆಳಗಿನ ಅಥವಾ ಇಳಿಹೊತ್ತಿನ ಓರೆಬಿಸಿಲೇ ಬೇಕು. ಚಕ್ರಗಳನ್ನು ಜೋಡಿಸುವ ಕಂಬಿಯು ತನ್ನ ಸುತ್ತಿನಲ್ಲಿ ಕೆಳಗಿಳಿದ ಕ್ಷಣದಲ್ಲಿ ಗುಂಡಿಯನ್ನೊತ್ತಬೇಕು. ಇನ್ನು ಉಗಿ. ನಾನು ಮೊದಲೇ ಹೇಳಿದಂತೆ ನಿಜವಾದ ಉಗಿ ಅದೃಶ್ಯ. ನಾವು ಉಗಿಯೆಂದು ಕಾಣುವ ಬೆಳ್ಳನೆಯ ಮುಗಿಲು ಅದು ತಂಪುಗಾಳಿಗೆ ಸೋತು ಹನಿಯಾದ ರೂಪ. ವೈಶಾಖದ ಮಧ್ಯಾಹ್ನ ಮಿರಜದ ಬಯಲಿನಲ್ಲಿ ಅದು ಚಿಮಣಿಯ ಬಾಯಲ್ಲಿಯೇ ಕರಗಿಹೋಗುತ್ತಿದ್ದಿತು. ಮಾರ್ಗಶಿರದ ಮುಂಜಾವಿನಲ್ಲಿ ಅದೇ ಯಂತ್ರವು ಹತ್ತಿಯ ಬೆಟ್ಟಗಳನ್ನು ಎಬ್ಬಿಸುತ್ತಿದ್ದಿತು. ಚಿತ್ರಕಾರರಿಗೆ ಚಳಿ ಪ್ರಿಯವಾದುದು ಇದಕ್ಕಾಗಿ.

ಹೊಗೆಯ ವಿಷಯದಲ್ಲಿ ಮಾತ್ರ ನನಗೊಂದು ತಕರಾರಿದೆ. ಕರಿಹೊಗೆಯೆಂದರೆ ಪೂರ್ತಿ ಉರಿಯದೆ ಆಕಾಶಕ್ಕೆ ಹೋದ ಕಲ್ಲಿದ್ದಲು. ಒಳ್ಳೆಯ ಫೈರ್‌ಮನ್ನನು ತೆಳ್ಳಗೆ, ಸಮನಾಗಿ, ಬೆಂಕಿಯ ಬಿಳಿಯ ಭಾಗವನ್ನು ನೋಡಿಕೊಂಡು ಸಲಿಕೆಯಾಡಿಸುವನು. ಅವನ ಚಿಮಣಿಯಲ್ಲಿ ನಸುಬೂದಿಯ ಮಬ್ಬಿಗಿಂತ ಹೆಚ್ಚು ಕಾಣಬಾರದು. ಕರಿಹೊಗೆಯನ್ನು ಬಿಟ್ಟವನು ಮೇಲಿನವರಿಂದ ಬೈಸಿಕೊಳ್ಳುತ್ತಿದ್ದನು. ಪರಂಪರೆಯ ರೈಲುಗಳಲ್ಲಿ ಛಾಯಾಚಿತ್ರಕ್ಕೆಂದೇ ಹೊರಡಿಸುವ ವಿಶೇಷ ಗಾಡಿಗಳಲ್ಲಿ ಎಲ್ಲವೂ ತಿರುಗುಮುರುಗು: ಗಾಡಿಯು ಚಿತ್ರಕಾರರನ್ನು ಇಳಿಸಿ, ಹಿಂದಕ್ಕೆ ಸರಿದು, ಮತ್ತೆ ಮುಂದಕ್ಕೆ ಧಾವಿಸಿ ಬರುವುದು, ಹೊಗೆ ಸಾಲದೆಂದರೆ ಬೆಂಕಿಗೆ ಅನಾವಶ್ಯಕ ಕಲ್ಲಿದ್ದಲನ್ನು ಹಾಕಿಸಿ ಮತ್ತೊಮ್ಮೆ. ಒಂದು ಕಾಲದಲ್ಲಿ ಕೆಟ್ಟ ಕೆಲಸವೆನಿಸಿಕೊಂಡುದು ಈಗ ಸೌಂದರ್ಯ. ಇದನ್ನು ವಂಚನೆಯೆನ್ನಲು ನಾನು ಹಿಂಜರಿಯುತ್ತೇನೆ, ಏಕೆಂದರೆ ಬೂದುಬಣ್ಣದ ಮ್ಯಾಂಚೆಸ್ಟರಿನ ಚಿತ್ರವೂ ಸತ್ಯವಾಗಿರಲಿಲ್ಲ. ಅಮೆರಿಕದ ವಿನ್‌ಸ್ಟನ್ ಲಿಂಕ್ 1955ರಿಂದ 1960ರವರೆಗೆ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲಿನ ಕಡೆಯ ಉಗಿಬಂಡಿಗಳನ್ನು, ನಡುರಾತ್ರಿಯಲ್ಲಿ ಹತ್ತಾರು ಮಿಂಚುಬಲ್ಬುಗಳನ್ನು ಒಟ್ಟಿಗೆ ಸ್ಫೋಟಿಸಿ ಹಿಡಿದವನು. 1956ರ ಅವನ ಸುಪ್ರಸಿದ್ಧ ಚಿತ್ರದಲ್ಲಿ ಬಯಲು ಸಿನಿಮಾದ ತೆರೆಯ ಮೇಲೆ ವಿಮಾನವೊಂದು ಹಾರುತ್ತಿದ್ದರೆ, ಹಿಂಬದಿಯಲ್ಲಿ ಹೊಗೆಬಂಡಿ ಓಡುತ್ತಿದೆ. ಮಿಂಚಿನ ಬೆಳಕಿಗೆ ತೆರೆಯ ಚಿತ್ರ ಅಳಿಸಿಹೋದುದರಿಂದ, ವಿಮಾನವನ್ನು ಅವನು ಬೇರೆ ನೆಗೆಟಿವಿನಿಂದ ಆಮೇಲೆ ಕೂಡಿಸಿದನು. ನಮ್ಮ ಬಾಬುರಾವ್ ಪೇಂಟರನು ಕಂಡಿದ್ದರೆ ಮೆಚ್ಚಿ ತಲೆದೂಗುತ್ತಿದ್ದನೆಂದು ತೋರುತ್ತದೆ.

ನಾನು ನೀಲಗಿರಿಗೆ ಹೋದುದು ಒಮ್ಮೆ ಮಾತ್ರ. ಕಲ್ಲಾರು ದಾಟಿ ಹಲ್ಲುಪಟ್ಟಿಯ ಏರು ಆರಂಭವಾಗುವ ಕಡೆ, ಚಳಿಯನ್ನೂ ಓರೆಬಿಸಿಲನ್ನೂ ಲೆಕ್ಕಹಾಕಿ, ಮುಂಜಾನೆಯಿಂದ ಕಾದು ನಿಂತಿದ್ದೆನು. ಆದರೆ ಎಲ್ಲ ಪುಸ್ತಕಜ್ಞಾನದ ನಡುವೆ ಒಂದನ್ನು ಮರೆತಿದ್ದೆನು. ಬೆಟ್ಟವನ್ನು ಹತ್ತುವಾಗ ಅಲ್ಲಿಯ ಯಂತ್ರವು ಗಾಡಿಯನ್ನು ಎಳೆಯುವುದಿಲ್ಲ, ಹಿಂದಿನಿಂದ ನೂಕುತ್ತದೆ. ತಿರುವಿನಲ್ಲಿ ಮೊದಲು ಕಾಣಿಸಿಕೊಂಡದ್ದು ನೀಲಿ ಬಣ್ಣದ ಡಬ್ಬಿ. ಅದರ ಮುಂಭಾಗದ ತೆರೆದ ಕಟ್ಟೆಯ ಮೇಲೆ, ಬ್ರೇಕಿನ ಗಾಲಿಗೆ ಒಂದು ಕೈ ಹಚ್ಚಿ, ಇನ್ನೊಂದು ಕೈಯಲ್ಲಿ ಹಸಿರು ಬಾವುಟವನ್ನು ಹಿಡಿದು, ಖಾಕಿ ಕೋಟಿನ ಬ್ರೇಕ್‌ಮನ್ನನೊಬ್ಬನು ನಿಂತಿದ್ದನು. ಗಾಡಿ ಕಾಲ್ನಡಿಗೆಯ ವೇಗಕ್ಕಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ಬರುತ್ತಿದ್ದುದರಿಂದ ಅವನಿಗೆ ನನ್ನನ್ನು ನೋಡಲು ಅವಕಾಶವಿದ್ದಿತು. ನೋಡಿದನು, ಕ್ಯಾಮರಾವನ್ನು ಕಂಡು ಬೆನ್ನು ನೆಟ್ಟಗೆ ಮಾಡಿ, ಬಾವುಟವನ್ನು ಎದೆಯ ಮಟ್ಟಕ್ಕೆ ತಂದು, ಉಸಿರು ಹಿಡಿದು ನಿಂತನು. ಒತ್ತಿದೆನು. ಯಂತ್ರವು ಬರುವ ಹೊತ್ತಿಗೆ ಅದರ ಮಂಜೇ ನನ್ನನ್ನು ಮುಚ್ಚಿಬಿಟ್ಟಿತು. ಆ ಚಿತ್ರವು ಈಗ ಮುರಗೂಡಿನ ನಮ್ಮ ಪಡಸಾಲೆಯಲ್ಲಿ, ಅಜ್ಜನ ತಸಬೀರಿನ ಮಗ್ಗುಲಲ್ಲಿದೆ. ಬಂದವರು, ಇವನು ನಿಮ್ಮ ನೆಂಟನೇ ಎಂದು ಕೇಳುವುದುಂಟು.